ದುಡಿಯುವ ವಿದ್ಯಾರ್ಥಿಗೆ ಶುಲ್ಕ ವಿನಾಯಿತಿ: ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಿಂದ ಕಂಡಂತೆ

ಸ್ನಾತಕೋತ್ತರ ಅಥವಾ ಪಿಎಚ್‌ಡಿ ವಿದ್ಯಾರ್ಥಿ ತಾನು ಓದುವ ವಿಶ್ವವಿದ್ಯಾಲಯದಲ್ಲೇ ವಾರಕ್ಕೆ ಇಂತಿಷ್ಟು ಗಂಟೆ ದುಡಿಯುವುದು, ಆ ದುಡಿಮೆಗೆ ಪ್ರತಿಯಾಗಿ ವಿಶ್ವವಿದ್ಯಾಲಯ ಆತನ ಬೋಧನಾ ಶುಲ್ಕವನ್ನು ಪೂರ್ತಿಯಾಗಿಯೋ ಅರ್ಧಂಬರ್ಧವಾಗಿಯೋ ಬಿಟ್ಟುಕೊಡುವುದು: ಈ ಏರ್ಪಾಟಿಗೆ ದುಡಿಮೆಯಾಧಾರಿತ ಶುಲ್ಕ ವಿನಾಯಿತಿ ಎನ್ನಬಹುದು. ದುಡಿಮೆ ಎಂದರೆ ಪದವಿ ತರಗತಿಗೆ ಪಾಠ ಹೇಳುವುದು, ಪ್ರಯೋಗಾಲಯ ನಡೆಸುವುದು, ಉತ್ತರ ಪತ್ರಿಕೆ ತಿದ್ದುವುದು, ಪ್ರಾಧ್ಯಾಪಕರ ಸಂಶೋಧನೆಗೆ ಮಾಹಿತಿ ಕಲೆಹಾಕುವುದು. ಅಮೆರಿಕದ ಸಂಶೋಧನಾ ವಿಶ್ವವಿದ್ಯಾಲಯಗಳು ಬಹುಪಾಲು ಇದರ ಮೇಲೆಯೇ ನಿಂತಿವೆ. ಭಾರತದಲ್ಲಿ ಇದು ಬಿಡಿಬಿಡಿಯಾಗಿ ಸಿಗುತ್ತದೆ. ಐಐಟಿ, ಐಐಎಸ್‌ಸಿಯಂಥ ಕಡೆ ಒಂದು ರೂಪ, ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಇನ್ನೊಂದು, ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ನಿಂತು ನೋಡಿದರೆ ಈ ಮೂರೂ ರೂಪಗಳ ಅಂತರ ಬೇರೆಲ್ಲಿಗಿಂತ ಸ್ಪಷ್ಟವಾಗಿ ಕಾಣುತ್ತದೆ.

ಸೀಮೆ ಮತ್ತು ಅದರ ವಿದ್ಯಾರ್ಥಿಗಳು

ಎರಡೂ ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿವೆ. ಚಳ್ಳಕೆರೆಗೆ ಹೆಸರು ಬಂದದ್ದು ಶೇಂಗಾ ಮತ್ತು ಎಣ್ಣೆ ಮಿಲ್ಲುಗಳಿಂದ, ಕುರಿ ಮತ್ತು ಕಂಬಳಿಯಿಂದ. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಪ್ರಸಿದ್ಧ. ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡದವರು ಸುಮಾರು ಶೇ 18, ಪರಿಶಿಷ್ಟ ಜಾತಿಯವರು ಸುಮಾರು ಶೇ 23. ನಾಯಕರು, ಮ್ಯಾಸಬೇಡರು, ಕಾಡುಗೊಲ್ಲರು, ನೇಕಾರ ಸಮುದಾಯದವರು, ದಲಿತರು ಇಲ್ಲಿನ ಹಳ್ಳಿ ಹಟ್ಟಿಗಳ ಬಹುಸಂಖ್ಯಾತರು. ಮಳೆ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಗುಳೆ ಹೊರಡುವುದು ಇಲ್ಲಿ ಹೊಸದಲ್ಲ. ಹಾಗಾಗಿ ಇಲ್ಲಿನ ಹುಡುಗ, ಹುಡುಗಿ ಎಂ.ಎ., ಎಂ.ಎಸ್ಸಿಗೆ ಸೇರುವಾಗ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಯಾವ ವಿಷಯ ಎಂಬುದಲ್ಲ, ಫೀಸು ಎಷ್ಟು ಮತ್ತು ಅದನ್ನು ಯಾವಾಗ ಕಟ್ಟಬೇಕು ಎಂಬುದು. ಪ್ರವೇಶದ ದಿನಗಳು ಸಾಮಾನ್ಯವಾಗಿ ಬೀಜ, ಗೊಬ್ಬರಕ್ಕೆ ದುಡ್ಡು ಸುರಿದಾದ ಮೇಲೆ, ಶೇಂಗಾ ಕೈಗೆ ಬರುವ ಮೊದಲು ಬರುತ್ತವೆ.

ಪದವಿಯವರೆಗೆ ಚಳ್ಳಕೆರೆಯ ಎಚ್‌ಪಿಪಿಸಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಮೊಳಕಾಲ್ಮೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇವೆ. ಮುಂದೆ ಓದುವವರು 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯದ ಕಡೆ ಹೊರಳುತ್ತಾರೆ. ದಾವಣಗೆರೆ ಬಳಿಯ ಶಿವಗಂಗೋತ್ರಿ ಅದರ ಮುಖ್ಯ ಆವರಣ. ಚಿತ್ರದುರ್ಗದ ಹತ್ತಿರ ಗುಡ್ಡದ ರಂಗವ್ವನಹಳ್ಳಿಯಲ್ಲಿರುವ ಜ್ಞಾನಗಂಗೋತ್ರಿ ಸ್ನಾತಕೋತ್ತರ ಕೇಂದ್ರವೂ ಅದರದ್ದೇ. ಮೊಳಕಾಲ್ಮೂರಿನವರಿಗೆ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, 1991ರಲ್ಲಿ ಶುರುವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಗಡಿ ದಾಟಿದರೆ ಅನಂತಪುರದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ ಕೂಡ ಕೈಗೆಟಕುವ ದೂರದಲ್ಲಿವೆ.

ಇದೇ ಸೀಮೆಯಲ್ಲಿ ದೇಶದ ಅತಿ ಹೆಸರಾದ ವಿಜ್ಞಾನ ಸಂಸ್ಥೆಯೊಂದರ ಎರಡನೆಯ ಆವರಣವೂ ಇದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ, ಒಂದು ಕಾಲದ ಅಮೃತಮಹಲ್ ಕಾವಲಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಗೆ ರಾಜ್ಯ ಸರ್ಕಾರ ಸುಮಾರು 1,500 ಎಕರೆ ಕೊಟ್ಟಿತು. ಪಕ್ಕದ ಕಾವಲುಗಳಲ್ಲಿ ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೂ ನೆಲ ಸಿಕ್ಕಿತು. ಕುರಿ, ದನ ಮೇಯುತ್ತಿದ್ದ ಕಾವಲು ಹೋದುದರ ಬಗೆಗಿನ ತಕರಾರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಇಂದು ಕುದಾಪುರ ಆವರಣದ ಪ್ರತಿಭಾ ಅಭಿವೃದ್ಧಿ ಕೇಂದ್ರಕ್ಕೆ ರಾಜ್ಯದ, ಹೊರರಾಜ್ಯಗಳ ವಿಜ್ಞಾನ, ಗಣಿತ ಶಿಕ್ಷಕರು ಬಂದು ತಂಗಿ ತರಬೇತಿ ಪಡೆಯುತ್ತಾರೆ. ಆ ಸಂಸ್ಥೆಯ ಸಂಶೋಧನಾ ವಿದ್ಯಾರ್ಥಿಗೆ ತಿಂಗಳು ತಿಂಗಳು ಸ್ಕಾಲರ್‌ಶಿಪ್ ಉಂಟು. ಅದೇ ತಾಲ್ಲೂಕಿನಿಂದ ಹೊರಟು ರಾಜ್ಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ನೋಂದಾಯಿಸಿದವರಲ್ಲಿ ಹಲವರು ಕೈಯಿಂದ ಹಣ ಹಾಕಿ ಓದುತ್ತಾರೆ. ಒಂದೇ ಮಣ್ಣಿನ ಮೇಲಿನ ಈ ಎರಡು ಸ್ಥಿತಿಗಳ ನಡುವಿನ ಅಂತರವೇ ಈ ಲೇಖನದ ವಿಷಯ.

ಹಿಂದಿನ ದಾರಿಗಳು

ಗುರುಶಿಷ್ಯ ಸಂಬಂಧದ ಬಗ್ಗೆ ಕನ್ನಡ ನಾಡಿನಲ್ಲಿ ಸಿಗುವ ಅತಿ ಹಳೆಯ ಬರಹಗಳಲ್ಲೊಂದು ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಇದೆ. ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳು ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಾದ ಮಹಾಮಾತ್ರರಿಗೆ ಬಂದ ಆಜ್ಞೆಗಳು. ತಂದೆತಾಯಿಗಳ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎಂಬುದರ ಜೊತೆಗೆ ಶಿಷ್ಯ ಆಚಾರ್ಯನನ್ನು ಗೌರವದಿಂದ ಕಾಣಬೇಕು ಎಂದೂ ಅಲ್ಲಿ ಹೇಳಿದೆ. ಕೊನೆಗೆ ಲಿಪಿಕಾರ ಚಪಡನ ಹೆಸರಿದೆ. ಗುರುವಿನ ಮನೆಯಲ್ಲಿದ್ದು, ಗುರುವಿನ ಕೆಲಸ ಮಾಡಿಕೊಟ್ಟು ಕಲಿಯುವ ಪದ್ಧತಿ ಭಾರತದಲ್ಲಿ ಶತಮಾನಗಳ ಕಾಲ ನಡೆದು ಬಂತು. ಅಲ್ಲಿ ಶುಲ್ಕವೂ ಇರಲಿಲ್ಲ, ಕೂಲಿಯೂ ಇರಲಿಲ್ಲ. ಎರಡೂ ಸೇವೆ ಎಂಬ ಒಂದೇ ಮಾತಿನಲ್ಲಿ ಅಡಗಿದ್ದವು, ಯಾರಿಗೆ ಆ ಮನೆಯ ಬಾಗಿಲು ತೆರೆಯುತ್ತದೆ ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು.

ಯುರೋಪಿನಲ್ಲಿ ದುಡಿಮೆ ಮತ್ತು ಶುಲ್ಕದ ಲೆಕ್ಕ ಹೆಚ್ಚು ಬಿಚ್ಚುಮಾತಿನದಾಗಿತ್ತು. ಕೇಂಬ್ರಿಜ್‌ನಲ್ಲಿ ಸೈಜರ್ ಎಂಬ ವರ್ಗದ ಬಡ ವಿದ್ಯಾರ್ಥಿಗಳಿದ್ದರು. ಊಟ ಬಡಿಸುವುದು, ಸಿರಿವಂತ ವಿದ್ಯಾರ್ಥಿಗಳ ಕೆಲಸ ಮಾಡಿಕೊಡುವುದು ಅವರ ಪಾಲಿಗೆ ಬರುತ್ತಿತ್ತು, ಬದಲಿಗೆ ಖರ್ಚಿನಲ್ಲಿ ರಿಯಾಯಿತಿ. 1661ರಲ್ಲಿ ಟ್ರಿನಿಟಿ ಕಾಲೇಜಿಗೆ ಸೇರಿದಾಗ ಐಸಾಕ್ ನ್ಯೂಟನ್ ಇದಕ್ಕೂ ಕೆಳಗಿನ ಸಬ್‌ಸೈಜರ್ ದರ್ಜೆಯವನು. ಮಾಡಿಸಿಕೊಳ್ಳುತ್ತಿದ್ದ ಕೆಲಸಕ್ಕೂ ಓದಿಗೂ ಸಂಬಂಧವಿರಲಿಲ್ಲ ಎಂಬುದು ಆ ಪದ್ಧತಿಯ ದೊಡ್ಡ ಕೊರತೆ. 1876ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ತಲಾ 500 ಡಾಲರಿನ 20 ಫೆಲೋಶಿಪ್‌ಗಳೊಂದಿಗೆ ಬಾಗಿಲು ತೆರೆಯಿತು. ಸಂಶೋಧನೆ ಮಾಡುವವನಿಗೆ ವಿಶ್ವವಿದ್ಯಾಲಯವೇ ಹಣ ಕೊಡಬೇಕು ಎಂಬ ನಡೆ ಆ ದೇಶದಲ್ಲಿ ಬೇರೂರಿದ್ದು ಅಲ್ಲಿಂದ.

ಮೈಸೂರು ಸೀಮೆಯಲ್ಲಿ ಆಸರೆ ಬಂದದ್ದು ಹೆಚ್ಚಾಗಿ ವಿಶ್ವವಿದ್ಯಾಲಯದ ಹೊರಗಿನಿಂದ. ವಾರದ ದಿನಕ್ಕೊಂದು ಮನೆಯಂತೆ ಸರದಿ ಹಿಡಿದು ಉಣ್ಣುವ ವಾರಾನ್ನ, ಮನೆಪಾಠ, ಸಮುದಾಯದ ವಿದ್ಯಾರ್ಥಿನಿಲಯ, ಮಠಗಳ ಉಚಿತ ಪ್ರಸಾದನಿಲಯ ಎಷ್ಟೋ ಜನರನ್ನು ಪದವಿಗೆ ಮುಟ್ಟಿಸಿದವು. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಹುಟ್ಟಿತು. ಅಲ್ಲಿ ಓದುವಾಗ ಕುವೆಂಪು ನೆಲೆ ಪಡೆದದ್ದು ರಾಮಕೃಷ್ಣಾಶ್ರಮದಲ್ಲಿ. ಅವರ ಗುರು, ಅವರು ಶ್ರೀ ರಾಮಾಯಣ ದರ್ಶನಂ ಕೃತಿಯನ್ನು ಅರ್ಪಿಸಿದ ಟಿ.ಎಸ್. ವೆಂಕಣ್ಣಯ್ಯ, ಚಳ್ಳಕೆರೆ ತಾಲ್ಲೂಕಿನ ತಳುಕಿನವರು. ಚಿತ್ರದುರ್ಗ ಜಿಲ್ಲೆಗೆ ಮುರುಘಾ ಮಠ, ಸಿರಿಗೆರೆಯ ತರಳಬಾಳು ಮಠ, ನೆರೆಯ ತುಮಕೂರಿನ ಸಿದ್ಧಗಂಗೆ ಕೊಟ್ಟ ಅನ್ನ ಮತ್ತು ಆಸರೆ ದೊಡ್ಡದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸುವಾಗ ಹೇಳಿದರೆನ್ನುವ ‘ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಈ ಸೀಮೆಯ ಎಲ್ಲರ ಬಾಯಲ್ಲಿದೆ. ದುಡಿದಷ್ಟು ಫಲ ದುಡಿದವನಿಗೇ ಸೇರಬೇಕೆಂಬ ಆ ನ್ಯಾಯ ಕೆರೆ ಕೆಲಸಕ್ಕೆ ಒಪ್ಪುವುದಾದರೆ ಪ್ರಯೋಗಾಲಯದ ಕೆಲಸಕ್ಕೂ ಒಪ್ಪಲೇಬೇಕು.

ಡಾ. ಬಿ.ಆರ್. ಅಂಬೇಡ್ಕರ್ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡ ಸಂಸ್ಥಾನದ ಸ್ಕಾಲರ್‌ಶಿಪ್‌ನಿಂದ. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಪ್ರತಿಯಾಗಿ ಸಂಸ್ಥಾನದಲ್ಲಿ ಹತ್ತು ವರ್ಷ ಸೇವೆ ಮಾಡುವ ಕರಾರು. ಓದಿನ ಖರ್ಚನ್ನು ಮುಂದಿನ ದುಡಿಮೆಗೆ ಕಟ್ಟಿಹಾಕುವ ಆ ಕರಾರನ್ನು ಪಾಲಿಸಲು ಬರೋಡಕ್ಕೆ ಹೋದವರಿಗೆ ಜಾತಿಯ ಕಾರಣಕ್ಕೆ ನೆಲೆ ನಿಲ್ಲಲು ಒಂದು ಸೂರು ದಕ್ಕಲಿಲ್ಲ. 1944ರಲ್ಲಿ ಶುರುವಾದ ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಇಂಥ ಯಾವ ಮರುಸೇವೆಯ ಷರತ್ತೂ ಇಲ್ಲ. ಆಗ ಅಂಬೇಡ್ಕರ್ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದರು. ಶಿಕ್ಷಣವನ್ನು ಋಣವೆಂದಲ್ಲ, ಹಕ್ಕೆಂದು ಕಾಣುವ ದಾರಿ ಅದು. ಇಂದಿಗೂ ಚಳ್ಳಕೆರೆ, ಮೊಳಕಾಲ್ಮೂರಿನ ಸಾವಿರಾರು ವಿದ್ಯಾರ್ಥಿಗಳು ನಡೆಯುತ್ತಿರುವುದು ಅದೇ ದಾರಿಯಲ್ಲಿ.

ಅಮೆರಿಕದ ಪದ್ಧತಿ

ಅಮೆರಿಕದಲ್ಲಿ ಬೋಧನಾ ಸಹಾಯಕ ಅಥವಾ ಸಂಶೋಧನಾ ಸಹಾಯಕ ಹುದ್ದೆ ಸಿಕ್ಕ ವಿದ್ಯಾರ್ಥಿಗೆ ಎರಡು ಲಾಭ. ತಿಂಗಳ ಸ್ಟೈಪೆಂಡ್ ಒಂದು, ಬೋಧನಾ ಶುಲ್ಕದ ವಿನಾಯಿತಿ ಇನ್ನೊಂದು. ಎರಡನೆಯದರ ಬೆಲೆಯೇ ಎಷ್ಟೋ ಕಡೆ ಮೊದಲನೆಯದಕ್ಕಿಂತ ಹೆಚ್ಚು. ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಆವರಣದ ನಿಯಮ ಒಳ್ಳೆಯ ಉದಾಹರಣೆ. ಅಲ್ಲಿ ಪೂರ್ಣಾವಧಿ ಕೆಲಸದ ಶೇ 25ರಿಂದ ಶೇ 67ರಷ್ಟು ಹೊಣೆಯ ಹುದ್ದೆಯನ್ನು ಸೆಮಿಸ್ಟರಿನ ಮುಕ್ಕಾಲು ಭಾಗ, ಅಂದರೆ ಕನಿಷ್ಠ 91 ದಿನ, ನಿಭಾಯಿಸಿದವರಿಗೆ ವಿನಾಯಿತಿ ಸಿಗುತ್ತದೆ. ಶೇ 25 ಎಂದರೆ ವಾರಕ್ಕೆ 10 ಗಂಟೆ, ಶೇ 50 ಎಂದರೆ 20 ಗಂಟೆ. ವಿದೇಶಿ ವಿದ್ಯಾರ್ಥಿಗಳು ತರಗತಿ ನಡೆಯುವ ದಿನಗಳಲ್ಲಿ ಆವರಣದೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲವಾದ್ದರಿಂದ ಶೇ 50ರ ಹುದ್ದೆಯೇ ಅವರಿಗೆ ಮಿತಿ.

ಈ ವಿನಾಯಿತಿ ತಾನಾಗಿ ಉಳಿದು ಬಂದದ್ದಲ್ಲ. 2009ರ ನವೆಂಬರಿನಲ್ಲಿ ಅದೇ ಆವರಣದ ವಿದ್ಯಾರ್ಥಿ ನೌಕರರ ಸಂಘ ಎರಡು ದಿನ ಮುಷ್ಕರ ಹೂಡಿತು. 2018ರ ಫೆಬ್ರವರಿ, ಮಾರ್ಚ್‌ನಲ್ಲಿ ಮತ್ತೆ ಸುಮಾರು ಎರಡು ವಾರ ತರಗತಿ ಬಿಟ್ಟು ಬೀದಿಗಿಳಿಯಿತು. ಎರಡು ಸಲವೂ ಮುಖ್ಯ ಬೇಡಿಕೆ ಶುಲ್ಕ ವಿನಾಯಿತಿಯನ್ನು ಕರಾರಿನಲ್ಲಿ ಭದ್ರವಾಗಿ ಬರೆಯಬೇಕೆಂಬುದು. 2017ರ ನವೆಂಬರಿನಲ್ಲಿ ಅಮೆರಿಕದ ಕೆಳಮನೆ ಅಂಗೀಕರಿಸಿದ ತೆರಿಗೆ ಮಸೂದೆಯಲ್ಲಿ ಈ ವಿನಾಯಿತಿಯನ್ನೂ ವಿದ್ಯಾರ್ಥಿಯ ಆದಾಯವೆಂದು ಎಣಿಸುವ ಅಂಶವಿತ್ತು. ಕೈಗೆ ಬಾರದ ಹಣಕ್ಕೆ ತೆರಿಗೆ ಕಟ್ಟಬೇಕಾದ ಸ್ಥಿತಿ ಅದು. ದೇಶದ ಉದ್ದಗಲಕ್ಕೂ ವಿದ್ಯಾರ್ಥಿಗಳು ಪ್ರತಿಭಟಿಸಿದರು, ಡಿಸೆಂಬರಿನಲ್ಲಿ ಕಾಯ್ದೆಯಾದ ಅಂತಿಮ ರೂಪದಲ್ಲಿ ಆ ಅಂಶ ಇರಲಿಲ್ಲ. ಭಾರತದಲ್ಲಿ 1961ರ ಆದಾಯ ತೆರಿಗೆ ಕಾಯ್ದೆಯ 10(16)ನೆಯ ವಿಧಿ ಓದಿನ ಖರ್ಚಿಗೆ ಕೊಡುವ ಸ್ಕಾಲರ್‌ಶಿಪ್ಪನ್ನು ತೆರಿಗೆಯಿಂದ ಹೊರಗಿಟ್ಟಿತ್ತು. 2022ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಲ್ಲ ಆವರಣಗಳಲ್ಲಿ ಸುಮಾರು 48,000 ಮಂದಿ ಸಹಾಯಕರು, ಸಂಶೋಧಕರು ಕೆಲಸ ನಿಲ್ಲಿಸಿದಾಗ ಪದವಿ ತರಗತಿಗಳ ಪಾಠ, ಪರೀಕ್ಷೆ, ಅಂಕ ಎಲ್ಲವೂ ಅಸ್ತವ್ಯಸ್ತವಾದವು. ದೊಡ್ಡ ವಿಶ್ವವಿದ್ಯಾಲಯಗಳ ಪಾಠದ ಎಷ್ಟು ಭಾಗವನ್ನು ವಿದ್ಯಾರ್ಥಿಗಳೇ ಹೊತ್ತಿದ್ದಾರೆ ಎಂಬುದು ಹೊರಗಿನವರಿಗೆ ಕಂಡದ್ದು ಆಗ.

ಭಾರತದಲ್ಲಿ ಗಂಟೆಯ ಲೆಕ್ಕ

ಭಾರತದಲ್ಲಿ ದುಡಿಮೆಗೂ ಹಣಕ್ಕೂ ನೇರ ಗಂಟು ಹಾಕಿದ ಹಳೆಯ, ದೊಡ್ಡ ಯೋಜನೆ ಗೇಟ್ ಸ್ಕಾಲರ್‌ಶಿಪ್. ಗೇಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ. ವಾರಕ್ಕೆ 8ರಿಂದ 10 ಗಂಟೆ ಬೋಧನೆ ಅಥವಾ ಸಂಶೋಧನೆಗೆ ಸಂಬಂಧಿಸಿದ ಕೆಲಸ ಮಾಡಿಕೊಡಬೇಕು. ವಾರಕ್ಕೆ 8 ಗಂಟೆಯಂತೆ ಹಿಡಿದರೆ ಗಂಟೆಗೆ ಸುಮಾರು 350 ರೂಪಾಯಿ ಬೀಳುತ್ತದೆ. ಇದು ಶುಲ್ಕ ವಿನಾಯಿತಿ ಅಲ್ಲ, ಶುಲ್ಕವನ್ನು ವಿದ್ಯಾರ್ಥಿ ಬೇರೆ ಕಟ್ಟಬೇಕು. ಆದರೂ ವಿದ್ಯಾರ್ಥಿಯ ಗಂಟೆಗೆ ಬೆಲೆಯಿದೆ ಎಂದು ಸರ್ಕಾರವೇ ಒಪ್ಪಿಕೊಂಡ ಲೆಕ್ಕ ಇದರಲ್ಲಿದೆ.

ಪಿಎಚ್‌ಡಿಯಲ್ಲಿ ದರಗಳು ಇನ್ನೂ ಮೇಲು. ರಾಷ್ಟ್ರೀಯ ಅರ್ಹತಾ ಪರೀಕ್ಷೆ (ನೆಟ್) ಪಾಸಾಗಿ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಪಡೆದವರಿಗೆ 2023ರ ಜನವರಿ 1ರಿಂದ ತಿಂಗಳಿಗೆ 37,000, ಮುಂದೆ ಹಿರಿಯ ಫೆಲೋ (ಎಸ್‌ಆರ್‌ಎಫ್) ಆದಾಗ 42,000 ರೂಪಾಯಿ. 2018ರಲ್ಲಿ ಶುರುವಾದ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಮೊದಲೆರಡು ವರ್ಷ 70,000, ಮೂರನೆಯ ವರ್ಷ 75,000, ಕೊನೆಯ ಎರಡು ವರ್ಷ 80,000. ಇದನ್ನು ಪಡೆದವರು ಸುತ್ತಮುತ್ತಲಿನ ಕಾಲೇಜು, ಪಾಲಿಟೆಕ್ನಿಕ್‌ಗಳಲ್ಲಿ ವಾರಕ್ಕೊಮ್ಮೆ ಪಾಠ ಮಾಡುವ ಷರತ್ತೂ ಇದೆ. ಇವೆಲ್ಲ ಪೈಪೋಟಿಯಲ್ಲಿ ಗೆದ್ದ ಕೆಲವರಿಗೆ ಮಾತ್ರ.

ಪೈಪೋಟಿಯಲ್ಲಿ ಗೆಲ್ಲದವರ ಗತಿ ಏನು? ಇಲ್ಲಿ ವಿಶ್ವವಿದ್ಯಾಲಯ ಯಾರ ಅಧೀನದ್ದು ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಇಲ್ಲದ ಪಿಎಚ್‌ಡಿ ವಿದ್ಯಾರ್ಥಿಗೂ ತಿಂಗಳಿಗೆ 8,000 ರೂಪಾಯಿಯ ಫೆಲೋಶಿಪ್ ಇದೆ. 2015ರ ಅಕ್ಟೋಬರಿನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಇದನ್ನು ನಿಲ್ಲಿಸಲು ಹೊರಟಾಗ ದೆಹಲಿಯ ಯುಜಿಸಿ ಕಚೇರಿಯ ಮುಂದೆ ವಿದ್ಯಾರ್ಥಿಗಳು ಹಗಲು ರಾತ್ರಿ ಕೂತು ಅದನ್ನು ಉಳಿಸಿಕೊಂಡರು. ಆದರೆ ರಾಜ್ಯ ವಿಶ್ವವಿದ್ಯಾಲಯಗಳಿಗೂ ಅದನ್ನು ವಿಸ್ತರಿಸಿ ಎಂಬ ಅವರ ಇನ್ನೊಂದು ಬೇಡಿಕೆ ಈಡೇರಲಿಲ್ಲ. ಪರಿಣಾಮವಾಗಿ ಮೊಳಕಾಲ್ಮೂರಿನ ಒಂದೇ ಬೀದಿಯ ಇಬ್ಬರು ಒಂದೇ ವಿಷಯದಲ್ಲಿ ಪಿಎಚ್‌ಡಿ ಸೇರಿದರೆ, ಕಲಬುರಗಿ ಬಳಿಯ ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋದವರಿಗೆ ಈ ಹಣ ಉಂಟು, ದಾವಣಗೆರೆಗೋ ಬಳ್ಳಾರಿಗೋ ಹೋದವರಿಗೆ ಇಲ್ಲ. 8,000 ದೊಡ್ಡ ಮೊತ್ತವಲ್ಲ. ಮೆಸ್ ಬಿಲ್, ಬಾಡಿಗೆ, ಬಸ್ ಚಾರ್ಜು, ಜೆರಾಕ್ಸ್ ಖರ್ಚಿಗಾದರೂ ಅದು ಆಗುತ್ತದೆ, ಮತ್ತು ಅಷ್ಟಿಲ್ಲದೆ ಸಂಶೋಧನೆ ಬಿಟ್ಟು ಬೆಂಗಳೂರಿನ ಬಸ್ಸು ಹತ್ತುವವರಿದ್ದಾರೆ.

ಎಲ್ಲಕ್ಕಿಂತ ಮುಖ್ಯವಾದ ಸಾಲು ಯುಜಿಸಿ 2022ರ ನವೆಂಬರಿನಲ್ಲಿ ಹೊರಡಿಸಿದ ಪಿಎಚ್‌ಡಿ ನಿಯಮಾವಳಿಯಲ್ಲಿದೆ. ಸಂಶೋಧನಾ ವಿದ್ಯಾರ್ಥಿಗಳಿಗೆ ವಾರಕ್ಕೆ 4ರಿಂದ 6 ಗಂಟೆ ಬೋಧನಾ ಅಥವಾ ಸಂಶೋಧನಾ ಸಹಾಯಕರ ಕೆಲಸ ವಹಿಸಬಹುದು ಎನ್ನುತ್ತದೆ ಅದು. ಟ್ಯುಟೋರಿಯಲ್, ಪ್ರಯೋಗಾಲಯ, ಮೌಲ್ಯಮಾಪನ ಈ ಕೆಲಸದ ವ್ಯಾಪ್ತಿ. ನಿಯಮ ಎಲ್ಲ ವಿಶ್ವವಿದ್ಯಾಲಯಗಳಿಗೂ ಅನ್ವಯ, ರಾಜ್ಯದವೂ ಸೇರಿ. ಗಂಟೆಗಳನ್ನು ಹೇಳಿದ ಆ ಸಾಲು ಅದಕ್ಕೆ ಪ್ರತಿಫಲ ಎಷ್ಟು, ಶುಲ್ಕದಲ್ಲಿ ಕಡಿತ ಉಂಟೇ ಎಂಬುದನ್ನು ಹೇಳುವುದಿಲ್ಲ. ಒಂದು ಸಣ್ಣ ಲೆಕ್ಕ ಹಾಕಬಹುದು. ವಾರಕ್ಕೆ 4 ಗಂಟೆಯಂತೆ ವರ್ಷಕ್ಕೆ 40 ವಾರ ದುಡಿದರೆ 160 ಗಂಟೆ. ಗೇಟ್ ಸ್ಕಾಲರ್‌ಶಿಪ್‌ನ ಗಂಟೆಯ ದರವನ್ನೇ ಹಿಡಿದರೆ ಅದರ ಬೆಲೆ 56,000 ರೂಪಾಯಿ. ರಾಜ್ಯ ವಿಶ್ವವಿದ್ಯಾಲಯಗಳ ಕಲಾ, ಸಮಾಜವಿಜ್ಞಾನ ವಿಭಾಗಗಳ ಪಿಎಚ್‌ಡಿ ವಾರ್ಷಿಕ ಶುಲ್ಕ ಸಾಮಾನ್ಯವಾಗಿ ಇಷ್ಟನ್ನು ಮುಟ್ಟುವುದಿಲ್ಲ. ಎಂದರೆ ನಿಯಮ ಅನುಮತಿಸಿದ ಕನಿಷ್ಠ ದುಡಿಮೆಯನ್ನು ಲೆಕ್ಕಕ್ಕೆ ತಂದರೂ ವರ್ಷದ ಶುಲ್ಕ ಪೂರ್ತಿ ಮನ್ನಾ ಆಗಬೇಕು. ವಿಶ್ವವಿದ್ಯಾಲಯಕ್ಕೆ ಇದು ಕೈಬಿಡುವ ಹಣವಲ್ಲ, ಈಗಾಗಲೇ ಪಡೆದ ಕೆಲಸದ ಬೆಲೆ.

ಜಾತಿ, ಆದಾಯ ಮತ್ತು ಮರುಪಾವತಿ

ಕರ್ನಾಟಕದಲ್ಲಿ ಫೀಸು ಮಾಫಿ ಎಂದರೆ ವಿದ್ಯಾರ್ಥಿಗಳ ಕಣ್ಣ ಮುಂದೆ ಬರುವುದು ದುಡಿಮೆಯಲ್ಲ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಎಸ್‌ಎಸ್‌ಪಿ ಎಂದು ಎಲ್ಲರೂ ಕರೆಯುವ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ. ಪರಿಶಿಷ್ಟ ಜಾತಿಯವರ ಕೇಂದ್ರ ಯೋಜನೆಯಲ್ಲಿ ಕುಟುಂಬದ ವಾರ್ಷಿಕ ಆದಾಯ ಮಿತಿ ಎರಡೂವರೆ ಲಕ್ಷ ರೂಪಾಯಿ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಈ ಯೋಜನೆಯ ವೆಚ್ಚವನ್ನು ಕೇಂದ್ರ, ರಾಜ್ಯಗಳ ನಡುವೆ 60:40ರಂತೆ ಹಂಚಿತು. ಕೇಂದ್ರದ ಪಾಲು ಈಗ ನೇರ ವಿದ್ಯಾರ್ಥಿಯ ಖಾತೆಗೆ ಬೀಳುತ್ತದೆ, ಅಲ್ಲಿಂದ ವಿದ್ಯಾರ್ಥಿಯೇ ಕಾಲೇಜಿಗೆ ಕಟ್ಟಬೇಕು. ಹಿಂದುಳಿದ ವರ್ಗಗಳ ಇಲಾಖೆಯ ಶುಲ್ಕ ವಿನಾಯಿತಿಗೆ ಪ್ರವರ್ಗಕ್ಕೆ ತಕ್ಕಂತೆ ಮಿತಿ ಬೇರೆ. ಕಾಡುಗೊಲ್ಲರು ಪ್ರವರ್ಗ 1ರಲ್ಲಿ ಬರುತ್ತಾರೆ. ವಿದ್ಯಾರ್ಥಿನಿಲಯ ಸಿಗದವರಿಗೆ ಊಟ, ವಸತಿಯ ನೆರವಾಗಿ ವಿದ್ಯಾಸಿರಿ ಯೋಜನೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತದೆ.

ಈ ಸೀಮೆಯ ಮಟ್ಟಿಗೆ ಇದರಷ್ಟು ಉಪಕಾರ ಮಾಡಿದ ಇನ್ನೊಂದು ಏರ್ಪಾಟಿಲ್ಲ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು ಹತ್ತಿದ್ದು ಇದರ ಬಲದಿಂದ. ತೊಡಕಿರುವುದು ಮೂರು ಕಡೆ. ಹಣ ಬರುವ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತದೆ, ಅಷ್ಟರೊಳಗೆ ಸಾಲ ಮಾಡಿ ಫೀಸು ಕಟ್ಟಿಯಾಗಿರುತ್ತದೆ. ತಂದೆ ಜವಾನ, ತಾಯಿ ಅಂಗನವಾಡಿ ಕಾರ್ಯಕರ್ತೆ ಆಗಿದ್ದು ಇಬ್ಬರ ದುಡಿಮೆ ಕೂಡಿ ಮಿತಿಯನ್ನು ಚೂರು ದಾಟಿದರೆ ಎಲ್ಲವೂ ಕೈತಪ್ಪುತ್ತದೆ. ಪ್ರವೇಶ ಪಡೆದ ವರ್ಗ ಯಾವುದೇ ಇರಲಿ, ಆ ವಿದ್ಯಾರ್ಥಿ ಪ್ರಯೋಗಾಲಯದಲ್ಲಿ ಮಾಡುವ ಕೆಲಸಕ್ಕೆ ಈ ಪದ್ಧತಿಯಲ್ಲಿ ಜಾಗವೇ ಇಲ್ಲ.

ಹಕ್ಕಿನ ವಿನಾಯಿತಿಯನ್ನು ತೆಗೆದು ದುಡಿಮೆಯ ವಿನಾಯಿತಿ ತರಬೇಕೆಂದರೆ ಅದು ಅನ್ಯಾಯ. ಶತಮಾನಗಳ ಕಾಲ ಓದಿನಿಂದ ಹೊರಗಿಟ್ಟವರ ಮಕ್ಕಳಿಗೆ ಮತ್ತೆ ಕೂಲಿ ಮಾಡಿ ಓದು ಎಂದು ಹೇಳುವಂತಾಗುತ್ತದೆ. ಮೊದಲನೆಯದು ಹಾಗೇ ಇದ್ದು, ಅದರ ಮೇಲೆ ಎರಡನೆಯದು ಬರಬೇಕು. ಪರಿಶಿಷ್ಟ ಪಂಗಡದ ಸಂಶೋಧಕರಿಗೆ ಇಡೀ ದೇಶಕ್ಕೆ ಸೇರಿ ವರ್ಷಕ್ಕೆ 750 ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಎರಡು ಮೀಸಲು ಕ್ಷೇತ್ರಗಳ ಈ ಸೀಮೆಗೆ ಅದರಲ್ಲಿ ಬೆರಳೆಣಿಕೆಯಷ್ಟು ಬಂದರೂ ಹೆಚ್ಚು. ಮೊಳಕಾಲ್ಮೂರು ಬಳ್ಳಾರಿಯ ಮಗ್ಗುಲಲ್ಲೇ ಇದ್ದರೂ ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ಸೌಲಭ್ಯ ಅದಕ್ಕಿಲ್ಲ, ಅದಕ್ಕಾಗಿ ಬೇಡಿಕೆ ಬಹುಕಾಲದಿಂದ ಇದೆ.

ಅತಿಥಿ ಉಪನ್ಯಾಸಕರು

ಈ ಎರಡು ತಾಲ್ಲೂಕುಗಳಲ್ಲಿ ಓದುತ್ತಲೇ ಕಾಲೇಜಿನಲ್ಲಿ ದುಡಿಯುವ ಪಿಎಚ್‌ಡಿ ವಿದ್ಯಾರ್ಥಿ ನಿಜಕ್ಕೂ ಸಿಗುವುದು ಅತಿಥಿ ಉಪನ್ಯಾಸಕರ ಕೊಠಡಿಯಲ್ಲಿ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಾರೆ. ಅವರಲ್ಲಿ ಪಿಎಚ್‌ಡಿ ಮುಗಿಸಿದವರಿದ್ದಾರೆ, ಮುಗಿಸುವ ಹಾದಿಯಲ್ಲಿರುವವರಿದ್ದಾರೆ. 2022ರ ಜನವರಿಯವರೆಗೆ ಅರ್ಹತೆಗೆ ತಕ್ಕಂತೆ 11,000ದಿಂದ 13,000 ರೂಪಾಯಿ ಗೌರವಧನವಿತ್ತು. ಆ ತಿಂಗಳು ಸರ್ಕಾರ ಕಾರ್ಯಭಾರವನ್ನು ವಾರಕ್ಕೆ 15 ಗಂಟೆಗೆ ಏರಿಸಿ, ಯುಜಿಸಿ ಅರ್ಹತೆಯೂ ಐದು ವರ್ಷಕ್ಕೆ ಮೇಲ್ಪಟ್ಟ ಸೇವೆಯೂ ಇರುವವರಿಗೆ 32,000, ಉಳಿದವರಿಗೆ 30,000ದಿಂದ 26,000ದವರೆಗೆ ನಿಗದಿ ಮಾಡಿತು. ಗಂಟೆ ಏರಿದ್ದರಿಂದ ಅದೇ ಪಾಠಗಳಿಗೆ ಕಡಿಮೆ ಜನ ಸಾಕಾದರು, ಕೆಲವರ ಕೆಲಸ ಹೋಯಿತು. 2023ರ ಕೊನೆಯಲ್ಲಿ ಸೇವಾ ಭದ್ರತೆ ಕೇಳಿ ರಾಜ್ಯದಾದ್ಯಂತ ಮುಷ್ಕರ ನಡೆದ ಮೇಲೆ 2024ರ ಜನವರಿಯಿಂದ ಸೇವಾವಧಿಗೆ ತಕ್ಕಂತೆ 5,000ದಿಂದ 8,000 ರೂಪಾಯಿ ಹೆಚ್ಚಳವಾಯಿತು.

ಹೀಗೆ ಪಾಠ ಮಾಡುವವರು ತಮ್ಮ ಪಿಎಚ್‌ಡಿ ಶುಲ್ಕವನ್ನು ಇದೇ ಗೌರವಧನದಿಂದ ಕಟ್ಟುತ್ತಾರೆ. ಪಾಠದ ಕಾಲೇಜು ಸೇರಿದ್ದು ಕಾಲೇಜು ಶಿಕ್ಷಣ ಇಲಾಖೆಗೆ, ಪಿಎಚ್‌ಡಿ ನೋಂದಣಿ ವಿಶ್ವವಿದ್ಯಾಲಯದ್ದು. ಆ ಕಾಲೇಜು ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದರೂ, ಅವರು ಕಲಿಸುವ ಪಠ್ಯ, ತಿದ್ದುವ ಪತ್ರಿಕೆ ಅದೇ ವಿಶ್ವವಿದ್ಯಾಲಯದ್ದಾದರೂ, ಒಂದರ ಲೆಕ್ಕದ ದುಡಿಮೆ ಇನ್ನೊಂದರ ಲೆಕ್ಕದ ಶುಲ್ಕಕ್ಕೆ ಜಮೆಯಾಗುವುದಿಲ್ಲ. ಫೆಲೋಶಿಪ್ ಇರುವ ಪೂರ್ಣಾವಧಿ ಸಂಶೋಧಕರು ಬೇರೆ ಸಂಬಳದ ಕೆಲಸ ಹಿಡಿಯುವಂತಿಲ್ಲವಾದ್ದರಿಂದ, ಫೆಲೋಶಿಪ್ ಇಲ್ಲದವರೇ ಈ ಕಡೆ ಬರುತ್ತಾರೆ. 2022ರ ನಿಯಮಾವಳಿ ಅರೆಕಾಲಿಕ ಪಿಎಚ್‌ಡಿಗೆ ಅವಕಾಶ ಕೊಟ್ಟಿರುವುದು ಇಂಥವರಿಗೆ ದೊಡ್ಡ ಸಮಾಧಾನ. ಅಕ್ಕಪಕ್ಕದ ತಾಲ್ಲೂಕಿನಿಂದ ದಿನವೂ ಬಸ್ಸಿನಲ್ಲಿ ಬಂದು ಪಾಠ ಮಾಡಿ, ರಾತ್ರಿ ಅಧ್ಯಾಯ ಬರೆಯುವವರ ಸಂಶೋಧನೆ ವರ್ಷಾನುಗಟ್ಟಲೆ ಎಳೆದಾಡುವುದು ಸೋಮಾರಿತನದಿಂದಲ್ಲ.

ನೆರೆಯ ಮಹಾರಾಷ್ಟ್ರದಲ್ಲಿ ಇದಕ್ಕೊಂದು ದಾರಿ ಬಹಳ ಹಿಂದೆಯೇ ಬಿದ್ದಿದೆ. ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. ವಿದ್ಯಾರ್ಥಿ ಹೊಲದಲ್ಲೋ ಸಂಸ್ಥೆಯ ಕೆಲಸದಲ್ಲೋ ದುಡಿದು ತನ್ನ ಓದಿನ ಖರ್ಚು ತಾನೇ ಭರಿಸುವುದು, ಎಲ್ಲ ಜಾತಿಯ ಹುಡುಗರು ಒಂದೇ ನಿಲಯದಲ್ಲಿ ಉಣ್ಣುವುದು ಅವರ ಪದ್ಧತಿ. ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯ ಅವರ ಹೆಸರಿನಲ್ಲೇ ದುಡಿಯುತ್ತ ಕಲಿಯುವ ಯೋಜನೆ ನಡೆಸುತ್ತಿದೆ. ಗ್ರಂಥಾಲಯ, ಕಚೇರಿ, ತೋಟದ ಕೆಲಸಕ್ಕೆ ಗಂಟೆಯ ಲೆಕ್ಕದಲ್ಲಿ ಹಣ ಸಿಗುತ್ತದೆ. ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳು ಇದನ್ನು ನೋಡಿ ಕಲಿಯಬಹುದಾದದ್ದಿದೆ. ಸ್ನಾತಕೋತ್ತರ ವಿದ್ಯಾರ್ಥಿಗೆ ತೋಟದ ಕೆಲಸಕ್ಕಿಂತ ಪಾಠದ, ಪ್ರಯೋಗಾಲಯದ ಕೆಲಸ ಕೊಟ್ಟರೆ ಅದು ಆತನ ಮುಂದಿನ ಉದ್ಯೋಗಕ್ಕೂ ಅನುಭವವಾಗುತ್ತದೆ.

ಹೊರದೇಶಕ್ಕೆ ಹೋಗುವವರು

ಪರಿಶಿಷ್ಟ ಜಾತಿ, ಪಂಗಡದವರ ವಿದೇಶ ವ್ಯಾಸಂಗಕ್ಕೆ ರಾಜ್ಯದ ಪ್ರಬುದ್ಧ ಯೋಜನೆಯಿದೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಕೇಂದ್ರದ ಯೋಜನೆ ಪರಿಶಿಷ್ಟ ಪಂಗಡಕ್ಕೆ ವರ್ಷಕ್ಕೆ 20 ಮಂದಿಯನ್ನು ಮಾತ್ರ ಆರಿಸುತ್ತದೆ. ಶುಲ್ಕವನ್ನು ಸರ್ಕಾರವೇ ಭರಿಸುವುದರಿಂದ ದುಡಿದು ವಿನಾಯಿತಿ ಗಳಿಸುವ ಒತ್ತಡ ಇವರಿಗಿಲ್ಲ. ಆದರೂ ನಿಯಮ ಒಂದು ಕಿಟಕಿ ತೆರೆದಿಟ್ಟಿದೆ. ಬೋಧನಾ ಅಥವಾ ಸಂಶೋಧನಾ ಸಹಾಯಕರಾಗಿ ವರ್ಷಕ್ಕೆ 2,400 ಡಾಲರ್‌ವರೆಗೆ, ಬ್ರಿಟನ್ನಿನಲ್ಲಾದರೆ 1,560 ಪೌಂಡ್‌ವರೆಗೆ ಗಳಿಸಿಕೊಳ್ಳಬಹುದು. ಅದಕ್ಕಿಂತ ಹೆಚ್ಚಾದದ್ದನ್ನು ಭತ್ಯೆಯಿಂದ ಕಳೆಯುತ್ತಾರೆ. ಅಮೆರಿಕದ ಸಾಮಾನ್ಯ ಸ್ಟೈಪೆಂಡ್‌ನ ಮುಂದೆ 2,400 ಡಾಲರ್ ತೀರ ಚಿಕ್ಕದು. ಪಾಠ ಹೇಳುವ ಅನುಭವ ಬೇಕೆಂದು ಹುದ್ದೆ ಒಪ್ಪಿಕೊಂಡ ವಿದ್ಯಾರ್ಥಿಗೆ ಈ ಮಿತಿ ಅಡ್ಡವಾಗುತ್ತದೆ, ಅದನ್ನು ಏರಿಸುವುದು ನ್ಯಾಯ.

ಸಾಲ ಮಾಡಿಯೋ ಸ್ವಂತ ಹಣದಲ್ಲೋ ಹೋಗುವವರು ತಿಳಿದಿರಬೇಕಾದ ಸಂಗತಿ ಬೇರೆ. ಪೂರ್ಣ ವಿನಾಯಿತಿ ಎಂದು ಪತ್ರದಲ್ಲಿದ್ದರೂ ಅದು ಸಾಮಾನ್ಯವಾಗಿ ಬೋಧನಾ ಶುಲ್ಕಕ್ಕೆ ಮಾತ್ರ. ಆರೋಗ್ಯ ವಿಮೆ, ವಿದ್ಯಾರ್ಥಿ ಸೌಲಭ್ಯ ಶುಲ್ಕ, ವಿದೇಶಿ ವಿದ್ಯಾರ್ಥಿ ಶುಲ್ಕ, ಕೆಲವು ವೃತ್ತಿಪರ ಕೋರ್ಸುಗಳ ಹೆಚ್ಚುವರಿ ಶುಲ್ಕ ಬೇರೆಯಾಗಿ ಬೀಳಬಹುದು. ಎಂ.ಎಸ್. ಕೋರ್ಸಿಗೆ ಸೇರಿದವರಿಗೆ ಸಹಾಯಕ ಹುದ್ದೆ ಮೊದಲ ಸೆಮಿಸ್ಟರಿನಲ್ಲೇ ಸಿಗುವ ಖಾತರಿಯಿಲ್ಲ, ಪಿಎಚ್‌ಡಿಗೆ ಸೇರಿದವರಿಗೆ ಪ್ರವೇಶ ಪತ್ರದಲ್ಲೇ ಎಷ್ಟು ವರ್ಷದ ನೆರವು ಎಂದು ಬರೆದಿರುತ್ತದೆ. ಹುದ್ದೆ ಸೆಮಿಸ್ಟರಿನ ನಡುವೆ ತಪ್ಪಿದರೆ ವಿನಾಯಿತಿಯೂ ತಪ್ಪಿ ಪೂರ್ತಿ ಶುಲ್ಕದ ಬಿಲ್ ಬರುವ ವಿಶ್ವವಿದ್ಯಾಲಯಗಳಿವೆ, ಇಲಿನಾಯ್‌ನ 91 ದಿನದ ನಿಯಮದ ಅರ್ಥವೂ ಅದೇ. ಮೊದಲ ಸ್ಟೈಪೆಂಡ್ ಕೈಗೆ ಬರಲು ತರಗತಿ ಶುರುವಾಗಿ ಒಂದು ತಿಂಗಳಾದರೂ ಹಿಡಿಯುವುದರಿಂದ ವಿಮಾನದ ಟಿಕೆಟ್, ವೀಸಾ ಶುಲ್ಕದ ಜೊತೆಗೆ ಬಾಡಿಗೆ ಮನೆಯ ಮುಂಗಡ, ಒಂದೆರಡು ತಿಂಗಳ ಊಟದ ಖರ್ಚನ್ನೂ ಹೊರಡುವ ಮೊದಲೇ ಹೊಂದಿಸಿಟ್ಟುಕೊಳ್ಳಬೇಕಾಗುತ್ತದೆ.